ಇಳಿದು ಓಡಿದವರ ಕಥೆ: ಮೊದಲ ಸೈಕ್ಲೋಕ್ರಾಸ್ ರೇಸಿಗೆ ನಿಲ್ಲುವ ಮುಂಚೆ

▪️ 1/6
ಸೈಕಲ್ ಕಲಿತ ಹೊಸದರಲ್ಲಿ ನಮಗೆಲ್ಲ ಒಂದು ಹಟ ಇರುತ್ತೆ. ಎಂಥಾ ಏರು ಬಂದ್ರೂ ಕಾಲು ನೆಲಕ್ಕೆ ತಾಗಬಾರದು! ಇಳಿದು ತಳ್ಳಿದ್ರೆ ಗೆಳೆಯರೆಲ್ಲ ನಗ್ತಾರೆ. ಆದರೆ ಇಳಿಯಲೇಬೇಕಾದ ಒಂದು ರೇಸ್ ಇದೆ, ಹೆಸರು ಸೈಕ್ಲೋಕ್ರಾಸ್. ಹುಲ್ಲು, ಕೆಸರು, ಮರಳು, ಮೆಟ್ಟಿಲು ಎಲ್ಲ ಇರುವ ದಾರಿ. ಚಕ್ರ ಉರುಳುವಷ್ಟು ದೂರ ತುಳಿಯಬೇಕು. ಉರುಳದಿದ್ದರೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಓಡಬೇಕು. ಇದು ಎಲ್ಲಿಂದ ಬಂತು? ಸ್ವೈಪ್ ಮಾಡ್ತಾ ಹೋಗಿ 👉

▪️ 2/6
ಜಾಗ: ಫ್ರಾನ್ಸ್. ಕಾಲ: 20ನೇ ಶತಮಾನದ ಆರಂಭ. ಡೇನಿಯಲ್ ಗೂಸೋ ಅನ್ನುವ ಸೈನಿಕ ಕುದುರೆ ಸವಾರಿ ಮಾಡುವ ಗೆಳೆಯರ ಜೊತೆ ಕಾಡಿನೊಳಗೆ ಸೈಕಲ್ ಓಡಿಸ್ತಿದ್ದ ಅಂತ ಕಥೆ ಹೇಳ್ತಾರೆ. ಕುದುರೆ ದಾಟಿದ ಕಡೆಯೆಲ್ಲ ಸೈಕಲ್ಲೂ ದಾಟಬೇಕಲ್ಲ? ಹಾಗಾಗಿ ಇಳಿ, ಹೊರು, ಮತ್ತೆ ಹತ್ತು. 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಸೈಕ್ಲೋಕ್ರಾಸ್ ಚಾಂಪಿಯನ್‌ಶಿಪ್ ನಡೆಯಿತು.
ರಸ್ತೆ ರೇಸಿನವರಿಗೂ ಇದು ಹಿಡಿಸಿತು. ಕಾರಣ ಸರಳ. ಅಲ್ಲಿ ಚಳಿಗಾಲದಲ್ಲಿ ರಸ್ತೆ ರೇಸ್ ಇರಲ್ಲ, ಸುಮ್ಮನೆ ಕೂತ್ರೆ ಮೈ ಜಡವಾಗುತ್ತೆ. ಕೆಸರಲ್ಲಿ ವೇಗ ಕಡಿಮೆ ಇರೋದ್ರಿಂದ ತಣ್ಣನೆ ಗಾಳಿ ಅಷ್ಟಾಗಿ ಹೊಡೆಯಲ್ಲ, ಮಧ್ಯೆ ಮಧ್ಯೆ ಓಡೋದ್ರಿಂದ ಮರಗಟ್ಟಿದ ಪಾದಕ್ಕೂ ಬಿಸಿ ಬರುತ್ತೆ.

▪️ 3/6
ಈಗ ನನಗೆ ತುಂಬಾ ಇಷ್ಟವಾದ ಭಾಗ 🔥
ಒಕ್ಟಾವ್ ಲಪೀಜ್, 1907ರ ಫ್ರೆಂಚ್ ಸೈಕ್ಲೋಕ್ರಾಸ್ ಚಾಂಪಿಯನ್. 1910ರ ಟೂರ್ ಡಿ ಫ್ರಾನ್ಸ್ ಮೊದಲ ಸಲ ಪಿರನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳನ್ನು ಹತ್ತಿತು. ಒಂದೇ ದಿನಕ್ಕೆ 326 ಕಿಲೋಮೀಟರ್. ಮಧ್ಯದಲ್ಲಿ 2115 ಮೀಟರ್ ಎತ್ತರದ ತೂರ್ಮಲೇ. ಡಾಂಬರು ಕಾಣದ ಕಲ್ಲುಮಣ್ಣಿನ ದಾರಿ, ಭಾರದ ಸೈಕಲ್, ಇವತ್ತಿನ ಹಾಗೆ ತುಳೀತಾ ತುಳೀತಾ ಗೇರ್ ಬದಲಿಸೋ ಸೌಕರ್ಯವೂ ಇಲ್ಲ.
ಗುಸ್ತಾವ್ ಗಾರಿಗೂ ಒಮ್ಮೆಯೂ ಕೆಳಗಿಳಿಯದೆ ತೂರ್ಮಲೇ ಹತ್ತಿದ. ಅದಕ್ಕೆ 100 ಫ್ರಾಂಕ್ ಬಹುಮಾನವೂ ಸಿಕ್ಕಿತು. ಲಪೀಜ್? ಕಡಿದಾದ ಕಡೆ ಇಳಿದ, ಸೈಕಲ್ ತಳ್ಳಿಕೊಂಡು ನಡೆದ. ಆದರೆ ತುದಿ ಮೊದಲು ಮುಟ್ಟಿದವನು ಲಪೀಜ್! ಆ ವರ್ಷದ ಟೂರ್ ಗೆದ್ದವನೂ ಅವನೇ. ಚಳಿಗಾಲದ ಸೈಕ್ಲೋಕ್ರಾಸ್ ಅಭ್ಯಾಸ ಅವನ ಕೈಹಿಡಿಯಿತು ಅಂತ ಈ ಆಟದವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಮೊದಲ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್ ಆಗಿದ್ದ ಲಪೀಜ್ 1917ರಲ್ಲಿ ತೀರಿಕೊಂಡ. ಇನ್ನೂ 30 ತುಂಬಿರಲಿಲ್ಲ.

▪️ 4/6
ಆಟ ಗಡಿ ದಾಟಿ ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಇಟಲಿ ಕಡೆ ಹರಡಿತು. 1950ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಗೆದ್ದವನು ಜಾನ್ ರೋಬಿಕ್, 1947ರ ಟೂರ್ ಡಿ ಫ್ರಾನ್ಸ್ ವಿಜೇತ. ಮುಂದೆ ಬೆಲ್ಜಿಯಂನ ಎರಿಕ್ ಡಿ ವ್ಲಾಮಿಂಕ್ 1966ರಿಂದ 1973ರ ಒಳಗೆ 7 ಸಲ ವಿಶ್ವ ಚಾಂಪಿಯನ್ ಆದ.
ಮತ್ತೆ ಹುಡುಗಿಯರು? ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 2000ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಅಂದ್ರೆ ಸರಿಯಾಗಿ 50 ವರ್ಷ ಕಾಯಿಸಿದ್ರು! ಮೊದಲು ಗೆದ್ದವಳು ಜರ್ಮನಿಯ ಹಂಕಾ ಕುಪ್ಫರ್‌ನಾಗೆಲ್. ಆಮೇಲೆ ನೆದರ್‌ಲ್ಯಾಂಡ್ಸ್‌ನ ಮರಿಯಾನ್ನೆ ವೋಸ್ ಒಬ್ಬಳೇ 8 ಸಲ ಗೆದ್ದು, ಡಿ ವ್ಲಾಮಿಂಕ್‌ನ 7ನ್ನೂ ದಾಟಿದಳು 💪

▪️ 5/6
ಸರಿ, ಇವತ್ತು ಹೊಸಬರೊಬ್ಬರು ಮೊದಲ ಸಲ ಈ ರೇಸಿಗೆ ನಿಂತ್ರೆ ಏನಾಗುತ್ತೆ?
ದಾರಿ ಒಂದು ಸುತ್ತಿಗೆ ಸುಮಾರು 3 ಕಿಲೋಮೀಟರ್. ಅದನ್ನೇ ಸುತ್ತಿ ಸುತ್ತಿ ಬರಬೇಕು. ಅಡ್ಡಲಾಗಿ 40 ಸೆಂಟಿಮೀಟರ್‌ವರೆಗಿನ ಹಲಗೆ ಇರುತ್ತೆ. ಎಡಗಡೆಗೆ ಇಳೀಬೇಕು, ಯಾಕಂದ್ರೆ ಚೈನ್ ಇರೋದು ಬಲಗಡೆ. ಹೊರಬೇಕಾದಾಗ ಬಲ ಹೆಗಲು. ದೊಡ್ಡ ರೇಸುಗಳಲ್ಲಿ ಟೈರ್ 33 ಮಿಲಿಮೀಟರ್‌ಗಿಂತ ಅಗಲ ಇರಬಾರದು. ಹೊಸಬರ ಸ್ಥಳೀಯ ರೇಸುಗಳಲ್ಲಿ ಎಷ್ಟೋ ಕಡೆ ಮೌಂಟನ್ ಬೈಕ್ ತಂದ್ರೂ ಬಿಡ್ತಾರೆ.
ಎಲ್ಲಕ್ಕಿಂತ ಮುಖ್ಯ ವಿಷಯ: ಈ ರೇಸನ್ನು ದೂರದಿಂದ ಅಳೆಯಲ್ಲ, ಸಮಯದಿಂದ ಅಳೀತಾರೆ. ಮುಂದಿರುವವರು ಕೊನೆ ಸುತ್ತು ಮುಗಿಸಿದ ಮೇಲೆ, ಹಿಂದಿರುವವರು ತಮ್ಮ ಸುತ್ತು ಮುಗಿಸಿ ಗೆರೆ ದಾಟಿದ್ರೆ ಅವರದ್ದೂ ಮುಗೀತು. ಸುತ್ತುಗಳ ಲೆಕ್ಕ ಕಡಿಮೆ ಇರುತ್ತೆ, ಅಷ್ಟೇ. ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಮೈದಾನದಲ್ಲಿ ಒಬ್ಬರೇ ತುಳಿಯುವ ಸಂಕಟ ಇಲ್ಲಿಲ್ಲ. ದೊಡ್ಡ ಚಾಂಪಿಯನ್‌ಶಿಪ್‌ಗಳಲ್ಲಿ ತೀರಾ ಹಿಂದೆ ಬಿದ್ದವರನ್ನು ಮಧ್ಯದಲ್ಲೇ ಹೊರಗೆ ಕಳಿಸ್ತಾರೆ, ಆ ಮಾತು ಬೇರೆ.

▪️ 6/6
ಕೊನೆಯವರಾಗ್ತೀವೇನೋ, ಎಲ್ಲರೆದುರು ಇಳಿಯಬೇಕಾಗುತ್ತೇನೋ ಅನ್ನೋ ಭಯಕ್ಕೆ ಎಷ್ಟೋ ಜನ ಯಾವ ಆಟಕ್ಕೂ ಹೆಸರೇ ಕೊಡಲ್ಲ. ಸೈಕ್ಲೋಕ್ರಾಸ್‌ನಲ್ಲಿ ವಿಶ್ವ ಚಾಂಪಿಯನ್ನೂ ಇಳೀತಾನೆ, ಅವನ ಮುಖದ ಮೇಲೂ ಅದೇ ಕೆಸರು. ಅವನು ಹೊಸಬನಿಗಿಂತ ಬೇಗ ಇಳಿದು ಬೇಗ ಹತ್ತುತ್ತಾನೆ. ಅದನ್ನು ಅಭ್ಯಾಸದಿಂದ ಕಲೀಬಹುದು. ಒಂದು ಮೈದಾನ, ದಾಟಲು ಒಂದು ಮರದ ದಿಮ್ಮಿ ಇದ್ರೆ ಸಾಕು.
ತೂರ್ಮಲೇ ಮೇಲೆ ನೀವಿದ್ದಿದ್ರೆ ಏನು ಮಾಡ್ತಿದ್ರಿ? ಗಾರಿಗೂ ಥರ ಪಟ್ಟು ಹಿಡಿದು ತುಳೀತಿದ್ರಾ, ಲಪೀಜ್ ಥರ ಇಳಿದು ನಡೀತಿದ್ರಾ? ಕಾಮೆಂಟಲ್ಲಿ ಹೇಳಿ 👇

#ಸೈಕ್ಲೋಕ್ರಾಸ್ #ಆಟದ_ಚರಿತ್ರೆ #ಸೈಕಲ್ #ಕನ್ನಡದಲ್ಲಿ_ಇತಿಹಾಸ