ನಿಂತಲ್ಲೇ ಓಡುವ ಸೈಕಲ್

ನಿಂತಲ್ಲೇ ತುಳಿಯುವ ಯಂತ್ರ ಹೊಸದೇನಲ್ಲ. ಕೈಕಾಲಿನ ಕೀಲುಗಳನ್ನು ಆಡಿಸುವ 'ಜಿಮ್ನಾಸ್ಟಿಕಾನ್'ಗೆ ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ 1796ರಲ್ಲೇ ಪೇಟೆಂಟ್ ಪಡೆದಿದ್ದ. 1912ರ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲೂ ಕದಲದ ಸೈಕಲ್‌ಗಳಿದ್ದವು.

ಈಗಿನ ಸ್ಮಾರ್ಟ್ ಟ್ರೈನರ್ ನಮ್ಮದೇ ಸೈಕಲ್ಲನ್ನು ಹಿಡಿದು ನಿಲ್ಲಿಸುತ್ತದೆ. ಪರದೆಯಲ್ಲಿ ಏರು ಬಂದರೆ ಪೆಡಲನ್ನು ತಾನೇ ಬಿಗಿಮಾಡುತ್ತದೆ. ಹಿಂದಿನ ಚಕ್ರವನ್ನು ಉರುಳೆಗೆ ಒತ್ತಿ ನಿಲ್ಲಿಸುವಂಥದ್ದು ಅಗ್ಗ, ಆದರೆ ಸದ್ದು ಹೆಚ್ಚು, ಟೈರೂ ಸವೆಯುತ್ತದೆ. ಆ ಚಕ್ರ ಕಳಚಿ ಚೈನನ್ನೇ ಯಂತ್ರಕ್ಕೆ ತೊಡಿಸುವಂಥದ್ದು ದುಬಾರಿ, ಸದ್ದು ಕಡಿಮೆ. ಮಗು ಮಲಗಿದ ಮೇಲಷ್ಟೇ ಬಿಡುವು ಸಿಗುವ ತಾಯಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಹೆಣ್ಣಿನ ಬಿಡುಗಡೆಗೆ ಸೈಕಲ್‌ನಷ್ಟು ನೆರವಾದದ್ದು ಬೇರಿಲ್ಲವೆಂದು 1896ರಲ್ಲಿ ಅಮೆರಿಕದ ಸೂಸನ್ ಆಂಟನಿ ಹೇಳಿದ್ದರು. ಅದು ಬೀದಿಗಿಳಿದ ಸೈಕಲ್ಲಿನ ಮಾತು. ಅದಕ್ಕೇ ಮನೆಯಲ್ಲೇ ಬೇರೂರುವ ವ್ಯಾಯಾಮದ ಸೈಕಲ್ಲಿಗಿಂತ ನನಗೆ ಟ್ರೈನರೇ ಮೆಚ್ಚು. ಬೇಕೆಂದಾಗ ಸೈಕಲ್ ಬಿಚ್ಚಿ ಹೊಸ್ತಿಲು ದಾಟಬಹುದಲ್ಲ!