ಹಾಡು, ಅಂಕಿತ, ಕೇಳುಗ: ಭಾಂಡುಪ್ ಆಸುಪಾಸಿನ ಶಾಹೀರಿ ಪರಂಪರೆ ಮತ್ತು ವಿಲಾಸ್ ಘೋಗ್ರೆ

ಮುಂಬಯಿ ಸರ್ಕಾರದ ಮುಖ್ಯ ಎಂಜಿನಿಯರ್ ಆಗಿದ್ದ ಜಾರ್ಜ್ ಕ್ಲಾರ್ಕ್ 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗ, ಮುಂಬಯಿಯನ್ನು ಠಾಣೆ, ಕಲ್ಯಾಣಗಳ ಜೊತೆ ರೈಲಿನಿಂದ ಜೋಡಿಸುವ ಆಲೋಚನೆ ಮೊದಲು ಅವನಿಗೆ ಹೊಳೆಯಿತೆಂದು ರೈಲ್ವೆ ಚರಿತ್ರೆಯಲ್ಲಿ ದಾಖಲಾಗಿದೆ. ಹತ್ತು ವರ್ಷದಲ್ಲಿ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಮೊದಲ ಬಂಡಿ ಓಡಿತು. ಸುಮಾರು ನೂರು ವರ್ಷದ ಮೇಲೆ ಅದೇ ಹಳಿಯ ಗುಂಟ ಸಿಯೆಟ್ ಟಯರು, ಏಷ್ಯನ್ ಪೇಂಟ್ಸ್‌ನಂಥ ಕಾರ್ಖಾನೆಗಳು ಎದ್ದವು; ಅವುಗಳ ಬೆನ್ನಿಗೆ, ಗುಡ್ಡದ ಇಳಿಜಾರಿನಲ್ಲಿ, ಜೋಪಡಿಗಳು ಎದ್ದವು. ಘಾಟ್ಕೋಪರ್‌ನಿಂದ ಮುಲುಂಡ್‌ವರೆಗಿನ ಈ ಪಟ್ಟಿಯಲ್ಲಿ ನೆಲೆಸಿದವರು ತಮ್ಮ ಊರುಗಳಿಂದ ತಂದ ಸೊತ್ತಿನಲ್ಲಿ ಹಾಡೂ ಒಂದು. ಅಂಥ ಹಾಡೊಂದು, ಅದನ್ನು ಯಾರಿಗಾಗಿ ಕಟ್ಟಿರಲಿಲ್ಲವೋ ಅವರ ಕಿವಿಗಳನ್ನು ಹೇಗೆ ತಲುಪಿತು, ತಲುಪುವಾಗ ಕಟ್ಟಿದವನ ಹೆಸರು ಏನಾಯಿತು ಎಂಬುದು ಈ ಲೇಖನದ ವಿಷಯ.

ಹಾಡು ಕಟ್ಟಿದವರು ವಿಲಾಸ್ ಘೋಗ್ರೆ. ಮುಲುಂಡ್‌ನ ಜೋಪಡಿಯೊಂದರಲ್ಲಿ ಅವರ ವಾಸ. ನಾಹೂರ್ ನಿಲ್ದಾಣ ಇನ್ನೂ ಇಲ್ಲದ ಅವರ ಕಾಲದಲ್ಲಿ ಭಾಂಡುಪ್ ದಾಟಿದರೆ ಮುಂದಿನ ನಿಲ್ದಾಣವೇ ಮುಲುಂಡ್. ದಲಿತ ಕವಿ, ಗಾಯಕ, ಎಡಪಂಥೀಯ ಆವ್ಹಾನ್ ನಾಟ್ಯಮಂಚದ ಕಾರ್ಯಕರ್ತ; ಸಂಗೀತದ ಪೇಟೆಗೆ ಅವರು ದೂರ. ಅವರ ಹಾಡಿನ ಸಹಜ ಶ್ರೋತೃಗಳು ಬಸ್ತಿಯ ಚೌಕದಲ್ಲಿ, ಮೆರವಣಿಗೆಯಲ್ಲಿ, ಮುಷ್ಕರದ ಮುಂದೆ ನಿಂತ ಜನ.

ಘೋಗ್ರೆ ಮರಾಠಿಯ ಶಾಹೀರರ, ಅಂದರೆ ಪೊವಾಡದಂಥ ಕಥನಗೀತೆ ಕಟ್ಟಿ ಹಾಡುವವರ, ಸಾಲಿನವರು. ಕನ್ನಡ ಓದುಗರಿಗೆ ಶಾಹೀರ ಅಪರಿಚಿತನೇನಲ್ಲ. ವಿಜಯಪುರ, ಬೆಳಗಾವಿ ಸೀಮೆಯ ಗೀಗೀ ಮೇಳವನ್ನು ಕಂಡವರಿಗೆ ಮರಾಠಿ ಪೊವಾಡ ತಮ್ಮ ನೆರೆಮನೆಯದೇ ಅನ್ನಿಸುತ್ತದೆ. ಅದೇ ಡಪ್ಪು, ಅದೇ ತುಂತುಣಿ, ಮುಮ್ಮೇಳದವನು ಎತ್ತಿದ ನುಡಿಯನ್ನು ಹಿಮ್ಮೇಳ ಹಿಡಿದು ಮೇಲಕ್ಕೊಯ್ಯುವ ಅದೇ ಹುರುಪು. ಮಹಾರಾಷ್ಟ್ರದಲ್ಲಿ ಈ ಪರಂಪರೆ ಫುಲೆಯವರ ಸತ್ಯಶೋಧಕ ಚಳವಳಿಯ, ಹಾಡು ಮಾತು ಬೆರೆತ ಜಲಸಾ ಆಗಿ, ಆಮೇಲೆ ಅಂಬೇಡ್ಕರಿ ಜಲಸಾ ಆಗಿ ತಿರುಗಿತು. ಮಿಲ್ಲುಗಳ ಕಾಲದಲ್ಲಿ ಅಣ್ಣಾಭಾವು ಸಾಠೆ, ಅಮರ್ ಶೇಖ್ ಇದಕ್ಕೆ ಕೆಂಬಾವುಟದ ಬಣ್ಣ ಕೊಟ್ಟರು. ಘಾಟ್ಕೋಪರ್‌ನ ಚಿರಾಗ್‌ನಗರದಲ್ಲಿ ಬಾಳಿದ ಸಾಠೆ, ಸ್ಟಾಲಿನ್‌ಗ್ರಾಡ್ ಯುದ್ಧದ ಮೇಲೆ ಪೊವಾಡ ಕಟ್ಟಿದ್ದರು. 1961ರಲ್ಲಿ ಸೋವಿಯತ್ ರಷ್ಯಾಕ್ಕೂ ಹೋಗಿಬಂದರು. ಬಸ್ತಿಯ ಹಾಡಿಗೆ ದೂರದ ಕೇಳುಗ ಸಿಗುವುದು ಈ ಪಟ್ಟಿಯಲ್ಲಿ ಘೋಗ್ರೆಯವರಿಂದ ಶುರುವಾದದ್ದಲ್ಲ.

ಘೋಗ್ರೆಯವರ ಹಾಡನ್ನು ಹೊರಗೆ ಒಯ್ದದ್ದು ಒಂದು ಸಾಕ್ಷ್ಯಚಿತ್ರ. ಮುಂಬಯಿಯ ಜೋಪಡಿಗಳ ನೆಲಸಮವನ್ನು ಕುರಿತು ಆನಂದ್ ಪಟವರ್ಧನ್ 1985ರಲ್ಲಿ ಮಾಡಿದ ‘ಹಮಾರಾ ಶಹರ್’ನಲ್ಲಿ ಅವರು ಹಾಡಿದ್ದಾರೆ. ಆ ಚಿತ್ರಕ್ಕೆ ಕಥೇತರ ವಿಭಾಗದ ರಾಷ್ಟ್ರಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಇಲ್ಲಿ ಗಮನಿಸಬೇಕಾದದ್ದು ಭಾಷೆ. ಅಲ್ಲಿ ಕೇಳುವುದು ದುಡಿಯುವವನ ಕಥೆಯನ್ನು ಹೇಳುವ ಹಿಂದಿ ಹಾಡು. ಆ ಹಿಂದಿಯೋ, ಮುಂಬಯಿಯ ಬೀದಿಯಲ್ಲಿ ಎಲ್ಲರೂ ಎಲ್ಲರೊಡನೆ ಆಡುವ ನುಡಿಗೆ ಹತ್ತಿರದ್ದು. ಕಲಬುರಗಿ, ವಿಜಯಪುರಗಳಿಂದ ಗಾರೆ ಕೆಲಸಕ್ಕೆ ಬಂದು ಇದೇ ನಗರದ ಜೋಪಡಿಗಳಲ್ಲಿ ನೆಲೆಯಾದ ನಮ್ಮ ಜನಕ್ಕೂ ಅರ್ಥವಾಗುವ ನುಡಿ ಅದು. ಭಾಷೆಯ ಈ ಆಯ್ಕೆಯಲ್ಲೇ ಹಾಡಿಗೆ ಊರು ದಾಟುವ ಕಾಲು ಮೂಡಿತ್ತು. ಕ್ಯಾಮೆರಾ ಬಂದದ್ದು ಆಮೇಲೆ. ಆದ್ದರಿಂದ ಚಿತ್ರೋತ್ಸವದ ಸಭಿಕರನ್ನು ‘ಅನಿರೀಕ್ಷಿತ ಶ್ರೋತೃಗಳು’ ಎಂದು ಕರೆಯುವಾಗ ತಡೆದು ಯೋಚಿಸಬೇಕು. ಬಸ್ತಿಯ ಹಾಡು ಬಸ್ತಿಯಲ್ಲೇ ಉಳಿಯುತ್ತದೆಂಬ ನಿರೀಕ್ಷೆ ನಮ್ಮದೇ ಹೊರತು ಹಾಡಿದವರದಾಗಿರಲಿಲ್ಲ.

ಹೆಸರಿನ ಪ್ರಶ್ನೆ ಏಳುವುದು ಇಲ್ಲಿ. ನಮ್ಮಲ್ಲಿ ಹಾಡು ತನ್ನ ಒಡೆಯನ ಗುರುತನ್ನು ಒಡಲಲ್ಲೇ ಹೊತ್ತು ತಿರುಗುತ್ತಿತ್ತು. ವಚನಕ್ಕೆ, ಕೀರ್ತನೆಗೆ, ತತ್ವಪದಕ್ಕೆ ಅಂಕಿತವಿದೆ. ಶಿಶುನಾಳ ಶರೀಫರ ಪದ ಯಾರ ಬಾಯಿಗೆ ಹೋದರೂ ಕೊನೆಯ ನುಡಿಯಲ್ಲಿ ಶಿಶುನಾಳ ಬಂದೇ ಬರುತ್ತದೆ. ಆ ಪದಗಳು ಸಿ. ಅಶ್ವತ್ಥರ ಸಂಗೀತದಲ್ಲಿ 1990ರ ಸಿನಿಮಾಕ್ಕೆ ಹೋದವು, ರಘು ದೀಕ್ಷಿತರ ಗಿಟಾರಿನ ಜೊತೆ ಇಂಗ್ಲೆಂಡಿನ ವೇದಿಕೆಗೂ ಏರಿದವು. ಕನ್ನಡವೇ ಬಾರದವರ ನಡುವೆಯೂ ಊರಿನ ಹೆಸರು ಅಳಿಯಲಿಲ್ಲ. ನಾಸಿಕ್ ಜಿಲ್ಲೆಯ ವಾಮನದಾದಾ ಕರ್ಡಕರೂ (1922–2004) ಹಾಡಿನ ಕೊನೆಗೆ ‘ವಾಮನ’ ಎಂದು ತಮ್ಮ ಹೆಸರನ್ನು ಹೊಲಿದು ಕಳಿಸುತ್ತಿದ್ದರು. ಮುದ್ರಣದ ಆಸರೆಯಿಲ್ಲದ ಕವಿಗೆ ಅದೊಂದೇ ಹಕ್ಕುಪತ್ರ.

ಚಳವಳಿಯ ಹಾಡಿನ ಹಾದಿ ಬೇರೆ. ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿನ ಪದಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಊರೂರು ಸುತ್ತಿದವು. ಬರೆದವರು ಯಾರೆಂದು ಕೇಳದೆ ಜನ ಹಾಡಿದರು. ಅದೇ ಕವಿ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ (1983) ಚಿತ್ರಕ್ಕೆ ಬರೆದ ಪ್ರೇಮಗೀತೆ ರೇಡಿಯೋದಲ್ಲಿ ಮನೆಮನೆ ಮುಟ್ಟಿತು. ಹೆಸರು ಮರೆತು ಹಾಡುವುದು ಚಳವಳಿಗೆ ಗೆಲುವು ಎನ್ನುವವರಿದ್ದಾರೆ. ಸಿದ್ದಲಿಂಗಯ್ಯನವರ ಮಟ್ಟಿಗೆ ಅದು ನಿಜವಿರಬಹುದು, ಏಕೆಂದರೆ ಅವರ ಹೆಸರನ್ನು ಕಾಯಲು ಪುಸ್ತಕವಿತ್ತು, ವಿಶ್ವವಿದ್ಯಾಲಯವಿತ್ತು, ವಿಧಾನ ಪರಿಷತ್ತಿನ ಕಡತವೂ ಇತ್ತು. ಮುಲುಂಡ್‌ನ ಜೋಪಡಿಯ ಕವಿಯ ವಿಷಯದಲ್ಲಿ ಈ ಮಾತು ನನಗೆ ಒಪ್ಪಿಗೆಯಿಲ್ಲ.

1997ರ ಜುಲೈ 11ರಂದು ಘಾಟ್ಕೋಪರ್‌ನ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 10 ಮಂದಿ ಸತ್ತರು. ನಾಲ್ಕು ದಿನದ ಮೇಲೆ, ಆ ನೋವನ್ನು ತಾಳಲಾರದೆ, ಘೋಗ್ರೆ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಹನ್ನೆರಡು ವರ್ಷದ ಹಿಂದೆ ಅವರ ಹಾಡನ್ನು ಚಿತ್ರಿಸಿದ್ದ ಪಟವರ್ಧನ್ ಮತ್ತೆ ಕ್ಯಾಮೆರಾ ಹಿಡಿದರು. ಹದಿನಾಲ್ಕು ವರ್ಷದ ದುಡಿಮೆಯ ನಂತರ, 2011ರಲ್ಲಿ, ‘ಜೈ ಭೀಮ್ ಕಾಮ್ರೇಡ್’ ಮುಗಿಯಿತು. ಮೂರು ಗಂಟೆಗೂ ಮೀರಿದ ಆ ಚಿತ್ರ ಘೋಗ್ರೆಯವರಿಂದ ಹೊರಟು ಪುಣೆಯ ಕಬೀರ್ ಕಲಾ ಮಂಚ್‌ನ ಶೀತಲ್ ಸಾಠೆಯವರಂಥ ಎಳೆಯ ಗಾಯಕರವರೆಗೆ ಸಾಗುತ್ತದೆ. ಕಾಠ್ಮಂಡುವಿನ ಫಿಲ್ಮ್ ಸೌತ್ ಏಷ್ಯಾ ಉತ್ಸವದಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಮನ್ನಣೆ ಸಿಕ್ಕಿತು. ಅಷ್ಟೇ ಮುಖ್ಯವಾಗಿ, ಅದು ಭೈಖಳಾದ ಬಿಐಟಿ ಚಾಳಿನಲ್ಲಿ, ಹಾಡು ಯಾರದೋ ಅವರ ಮುಂದೆಯೇ ಪ್ರದರ್ಶನವಾಯಿತು. ಮೊದಲ ಚಿತ್ರದಲ್ಲಿ ಘೋಗ್ರೆ ನಗರದ ಕಥೆಗೆ ದನಿಯಾಗಿದ್ದರು. ಎರಡನೆಯದರಲ್ಲಿ ಅವರೇ ಕಥೆ. ಅಂಕಿತ ಮಾಡಬೇಕಾದ ಕೆಲಸವನ್ನು ಇಲ್ಲಿ ಸಿನಿಮಾ ಮಾಡಿದೆ. ಆದರೆ ಅದಕ್ಕೆ ತೆತ್ತ ಬೆಲೆ ಒಂದು ಜೀವ ಎಂಬುದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಬದುಕಿದ್ದಾಗ ಹಾಡು ತಲುಪಿದಷ್ಟು ದೂರ ಅವರ ಹೆಸರು ತಲುಪಲಿಲ್ಲ.

ಹೆಸರು ಉಳಿಯಬೇಕಾದರೆ ಬರೆದಿಡುವವರು ಬೇಕು. ಹಲಸಂಗಿಯ ಗೆಳೆಯರು 1930ರ ದಶಕದಲ್ಲಿ ಲಾವಣಿಗಳನ್ನು ಹುಡುಕಿ ಅಚ್ಚು ಹಾಕಿಸದೇ ಹೋಗಿದ್ದರೆ ಖಾಜಾಭಾಯಿಯಂಥ ಲಾವಣಿಕಾರರು ನಮ್ಮ ಸಾಹಿತ್ಯ ಚರಿತ್ರೆಯೊಳಗೆ ಬರುತ್ತಿರಲಿಲ್ಲ. ಮುಂಬಯಿಯ ಕನ್ನಡ ಸಂಶೋಧಕರಲ್ಲಿ ನನ್ನ ಬಿನ್ನಹ ಇಷ್ಟೇ: ಭಾಂಡುಪ್‌ನ ಗುಡ್ಡದ ಬಸ್ತಿಗಳಿಗೆ ಹೋಗಿ. ಅಲ್ಲಿ ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹಾಡು ಕಟ್ಟುವವರು ಬದುಕಿರುವಾಗಲೇ ಅವರ ಹಾಡನ್ನು ಬರೆದುಕೊಳ್ಳಿ. ಹಾಡಿಗಿಂತ ಮೊದಲು ಹೆಸರನ್ನು ಬರೆದುಕೊಳ್ಳಿ.