ಅರೆತಲೆನೋವು: ಔಷಧ ಬದಲಾವಣೆ ಮತ್ತು ರೋಗಿಯ ತೃಪ್ತಿ

ಮೈಗ್ರೇನ್ ಎಂದು ಪ್ರಸಿದ್ಧವಾದ ಅರೆತಲೆನೋವಿಗೆ ಸೇವಿಸುತ್ತಿದ್ದ ಮದ್ದನ್ನು ಬಿಟ್ಟು ಬೇರೊಂದನ್ನು ಹಿಡಿದ ರೋಗಿಯು ಆ ಬದಲಾವಣೆಯಿಂದ ಎಷ್ಟರಮಟ್ಟಿಗೆ ಸಮಾಧಾನ ಪಡೆಯುವನೆಂಬುದು ಚಿಕಿತ್ಸೆಯ ಫಲವನ್ನು ಅಳೆಯುವ ಮಾರ್ಗಗಳಲ್ಲೊಂದು.

ಇತಿಹಾಸ: ಬಾಸೆಲ್ ನಗರದ ಸ್ಯಾಂಡೋಸ್ ಸಂಸ್ಥೆಯಲ್ಲಿ ಆರ್ಥರ್ ಸ್ಟೋಲ್ ಎಂಬಾತನು ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಶಿಲೀಂಧ್ರದಿಂದ 1918ರಲ್ಲಿ ಎರ್ಗೋಟಮೀನನ್ನು ಬೇರ್ಪಡಿಸಿದನು, ಮುಂದಿನ ದಶಕದಲ್ಲಿಯೇ ಅದು ಅರೆತಲೆನೋವಿನ ಮದ್ದಾಯಿತು. ಅದರ ಸೇವನೆಯಿಂದ ಕಣತಲೆಯ ಧಮನಿಯ ಮಿಡಿತ ತಗ್ಗುವುದೆಂದೂ, ಅದರೊಡನೆ ನೋವೂ ಇಳಿಯುವುದೆಂದೂ 1938ರಲ್ಲಿ ಅಮೆರಿಕದ ಗ್ರಹಾಂ ಮತ್ತು ವುಲ್ಫ್ ಅಳೆದು ತೋರಿಸಿದರು. ಆದರೆ ಓಕರಿಕೆಯನ್ನು ಹೆಚ್ಚಿಸುವ, ಕೈಕಾಲುಗಳ ರಕ್ತನಾಳಗಳನ್ನು ಸಂಕೋಚಗೊಳಿಸುವ, ಪದೇ ಪದೇ ಸೇವಿಸಿದರೆ ತಾನೇ ತಲೆನೋವಿಗೆ ಕಾರಣವಾಗುವ ಈ ಮದ್ದಿನಿಂದ ನೋವು ನೀಗಿದರೂ ರೋಗಿಯು ತೃಪ್ತನಾಗುತ್ತಿದ್ದನೆಂದು ಹೇಳಲಾಗದು. ಗ್ಲಾಕ್ಸೊ ಸಂಸ್ಥೆಯ ಪ್ಯಾಟ್ರಿಕ್ ಹಂಫ್ರಿ ಮೊದಲಾದವರ ಸಂಶೋಧನೆಯ ಫಲವಾದ ಸುಮಾಟ್ರಿಪ್ಟಾನ್ 1991ರಲ್ಲಿ ಮಾರಾಟಕ್ಕೆ ಬಂದ ಮೇಲೆ, ಟ್ರಿಪ್ಟಾನ್ ಎಂಬ ಅದೇ ವರ್ಗದ ಇನ್ನೂ ಆರು ಔಷಧಗಳು ಒಂದರ ಹಿಂದೊಂದು ಬಂದು, ಬದಲಾವಣೆಗೆ ನಿಜವಾದ ಅವಕಾಶವೊದಗಿತು. ಒಂದು ಟ್ರಿಪ್ಟಾನ್ ಫಲಿಸದವನಿಗೆ ಮತ್ತೊಂದು ಫಲಿಸುವುದುಂಟು. ಗುಳಿಗೆ ಫಲಿಸದಿರುವುದಕ್ಕೆ ಮದ್ದಿನ ದೋಷವೇ ಕಾರಣವೆನ್ನಲೂ ಆಗದು, ಏಕೆಂದರೆ ನೋವಿನ ವೇಳೆಯಲ್ಲಿ ಜಠರದ ಚಲನೆ ಮಂದವಾಗಿ ಗುಳಿಗೆ ಅಲ್ಲಿಯೇ ಉಳಿಯಬಹುದು, ವಾಂತಿಯಲ್ಲಿ ಹೊರಬೀಳಲೂಬಹುದು. ಅಂಥವನಿಗೆ ಅದೇ ಮದ್ದನ್ನು ಸೂಜಿಯ ಮೂಲಕವೋ ಮೂಗಿನ ಮೂಲಕವೋ ಕೊಡುವುದೂ ಒಂದು ಬದಲಾವಣೆಯೇ.

ಮಾಪನ: ಎರಡು ಗಂಟೆಗಳೊಳಗೆ ನೋವು ಪೂರ್ಣವಾಗಿ ಹೋಯಿತೇ ಎಂಬುದು ಔಷಧ ಪರೀಕ್ಷೆಗಳ ಸಾಮಾನ್ಯ ಅಳತೆ. ರೋಗಿಯಾದರೋ ನೋವು ಅದೇ ದಿನ ಮರಳಿತೇ, ತೂಕಡಿಕೆ ಬಂದಿತೇ, ಎದೆ ಬಿಗಿದಂತಾಯಿತೇ, ಕೆಲಸಕ್ಕೆ ಕೂರಲು ಸಾಧ್ಯವಾಯಿತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಇಲ್ಲಿ ಎಚ್ಚರಿಕೆ ಅವಶ್ಯ: ಔಷಧ ಬದಲಾಯಿಸುವವರು ಬಹುಮಟ್ಟಿಗೆ ಹಳೆಯದರಿಂದ ಬೇಸತ್ತವರು, ಅದೂ ನೋವು ಅತಿಯಾಗಿದ್ದ ಕಾಲದಲ್ಲಿ ವೈದ್ಯರ ಬಳಿ ಬಂದವರು, ಏರಿದ ನೋವು ತಾನಾಗಿಯೇ ಇಳಿಯುವ ಸಂಭವವಿರುವುದರಿಂದಲೂ, ಹೊಸ ಮದ್ದಿನ ಮೇಲಣ ನಿರೀಕ್ಷೆಯೇ ಅರ್ಧ ಉಪಶಮನವಾಗುವುದರಿಂದಲೂ, ಇಂಥವರು ವ್ಯಕ್ತಪಡಿಸಿದ ತೃಪ್ತಿಯನ್ನೆಲ್ಲ ಮದ್ದಿನ ಗುಣವೆಂದು ಎಣಿಸಲಾಗದು. ಯಾವ ಮದ್ದೆಂದು ತಿಳಿಸದೆ ಎರಡನ್ನೂ ಸರದಿಯಂತೆ ಕೊಟ್ಟು ಕೇಳಿದ ಉತ್ತರಕ್ಕೆ ಹೆಚ್ಚು ಬೆಲೆಯುಂಟು. ಒಂದೇ ಬಾರಿಯ ಸೋಲಿನಿಂದ ಮದ್ದನ್ನು ತಳ್ಳಿಹಾಕದೆ, ಎರಡು ಮೂರು ಬಾರಿ ನೋವು ಬಂದಾಗ, ಅದು ಇನ್ನೂ ಸೌಮ್ಯವಾಗಿರುವಾಗಲೇ ಸೇವಿಸಿ ನೋಡಿದ ಬಳಿಕ ಬದಲಾಯಿಸುವುದು ವಾಡಿಕೆ. ಟ್ರಿಪ್ಟಾನನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು ಸೇವಿಸುತ್ತಿರುವವನಲ್ಲಿ ಅತಿಸೇವನೆಯ ತಲೆನೋವನ್ನು ಮೊದಲು ಶಂಕಿಸಬೇಕು.

ಪ್ರತಿಬಂಧಕ ಔಷಧಗಳು: ನೋವು ಬಾರದಂತೆ ತಡೆಯಲು ಕೊಡುವ ಪ್ರೊಪ್ರನೊಲಾಲ್, ಟೋಪಿರಮೇಟ್ ಮೊದಲಾದವನ್ನೂ, 2018ರಿಂದ ಬಳಕೆಗೆ ಬಂದ ಎರೆನುಮಾಬ್ ಎಂಬ ತಿಂಗಳಿನ ಚುಚ್ಚುಮದ್ದನ್ನೂ ಕುರಿತು ತೃಪ್ತಿಯ ಪ್ರಶ್ನೆಯನ್ನು ಮೊದಲ ವಾರಗಳಲ್ಲಿ ಕೇಳುವುದು ಅಕಾಲಿಕ, ಅವುಗಳ ಗುಣ ನಿಶ್ಚಿತವಾಗಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು.